ಬೀಜದೊಳಗಿನ ರಕ್ಷಕ ಪೆಪ್ಟೈಡ್‌ಗಳು ಮತ್ತು ಕಡಲೆಯ ಸಿಡಿ ರೋಗ



ರಾಮದುರ್ಗ ತಾಲ್ಲೂಕಿನ ಸುರೇಬಾನ ಸುತ್ತಲಿನ ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ ಬೆಳೆಯುವವರಿಗೆ ಸಿಡಿ ರೋಗ (ಸೊರಗು ರೋಗ) ಹೊಸದಲ್ಲ. ಹಸಿರಾಗಿದ್ದ ಗಿಡ ಕೆಲವೇ ದಿನಗಳಲ್ಲಿ ಬಾಡಿ ಒಣಗುತ್ತದೆ. ಇದಕ್ಕೆ ‘ಪೆಪ್ಟೈಡ್ ಔಷಧ’ ಸಿಂಪಡಿಸಬಹುದೇ ಎಂದು ಈಚೆಗೆ ಹಲವರು ಕೇಳುತ್ತಿದ್ದಾರೆ. ಹಣ ಖರ್ಚು ಮಾಡುವ ಮುನ್ನ ವಿಷಯವನ್ನು ಅರಿತುಕೊಳ್ಳುವುದು ಒಳ್ಳೆಯದು.

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಸರ ಚಿಕ್ಕದಾಗಿದ್ದರೆ ಅದೇ ಪೆಪ್ಟೈಡ್. ಸಸ್ಯಗಳು ತಮ್ಮ ಬೀಜ, ಬೇರು, ಎಲೆ ಮತ್ತು ಹಣ್ಣುಗಳಲ್ಲಿ ಶಿಲೀಂಧ್ರ ಹಾಗೂ ದುಂಡಾಣುಗಳನ್ನು ತಡೆಯುವ ಇಂತಹ ಪೆಪ್ಟೈಡ್‌ಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಇವುಗಳಲ್ಲಿ ಪ್ರಮುಖವಾದ ‘ಡಿಫೆನ್ಸಿನ್’ ಗುಂಪಿನಲ್ಲಿ ಸುಮಾರು 45ರಿಂದ 54 ಅಮೈನೋ ಆಮ್ಲಗಳಿರುತ್ತವೆ. ಸರವನ್ನು ಸಾಮಾನ್ಯವಾಗಿ ನಾಲ್ಕು ಗಂಧಕದ ಕೊಂಡಿಗಳು ಬಿಗಿದು ಹಿಡಿದಿರುವುದರಿಂದ ಇವು ಶಾಖಕ್ಕೆ ಸುಲಭವಾಗಿ ಕೆಡುವುದಿಲ್ಲ. ಇವುಗಳ ಮೇಲಿನ ಧನ ವಿದ್ಯುದಂಶವು ರೋಗಾಣುವಿನ ಋಣ ವಿದ್ಯುದಂಶದ ಪೊರೆಗೆ ಅಂಟಿಕೊಳ್ಳುತ್ತದೆ. ಪೊರೆ ಹಾಳಾಗಿ ರೋಗಾಣುವಿನ ಬೆಳವಣಿಗೆ ನಿಲ್ಲುತ್ತದೆ.

ಗೋಧಿ ಹಿಟ್ಟಿನಿಂದ ‘ಪ್ಯುರೋಥಯೋನಿನ್’ ಎಂಬ ಪೆಪ್ಟೈಡನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು 1942ರಲ್ಲಿ. ಅದು ಬೆಳೆಗಳ ರೋಗಾಣುಗಳನ್ನೂ ಕೊಲ್ಲುತ್ತದೆಂದು 1972ರಲ್ಲಿ ತೋರಿಸಲಾಯಿತು. ಅನಂತರ ಈರುಳ್ಳಿ ಮತ್ತು ರಾಜಗಿರಿ ಬೀಜಗಳಲ್ಲಿಯೂ ಇಂತಹವು ದೊರೆತವು. ಜೋಳದ ಕಾಳಿನಲ್ಲಿರುವ ಇದೇ ಬಗೆಯ ಪೆಪ್ಟೈಡ್‌ಗಳು ಕೀಟಗಳ ಪಿಷ್ಟ ಜೀರ್ಣಿಸುವ ಕಿಣ್ವವನ್ನು ತಡೆಯುತ್ತವೆ. ಹೆಸರು ಕಾಳಿನ ಒಂದು ಡಿಫೆನ್ಸಿನ್, ದಾಸ್ತಾನಿನಲ್ಲಿ ಕಾಳು ಕೊರೆಯುವ ದುಂಬಿಯ ವಿರುದ್ಧ ಕೆಲಸ ಮಾಡುತ್ತದೆ. ಹಣ್ಣುಗಳ ಪೈಕಿ ಆಸ್ಟ್ರೇಲಿಯಾದ ಫಿಂಗರ್ ಲೈಮ್ ಎಂಬ ನಿಂಬೆ ಜಾತಿಯ ಪೆಪ್ಟೈಡ್, ನಿಂಬೆ ವರ್ಗದ ಗ್ರೀನಿಂಗ್ ರೋಗವನ್ನು ಹತೋಟಿಯಲ್ಲಿಡಬಲ್ಲದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು.

ಮೂಲಂಗಿ ಬೀಜದ ಉದಾಹರಣೆ ನನಗೆ ಬಹಳ ಮೆಚ್ಚುಗೆಯಾದುದು. ಮೊಳೆಯುವಾಗ ಸಿಪ್ಪೆ ಬಿರಿದೊಡನೆ ಡಿಫೆನ್ಸಿನ್‌ಗಳು ಹೊರಬಂದು ಎಳೆ ಮೊಳಕೆಯ ಸುತ್ತ ಶಿಲೀಂಧ್ರ ಬೆಳೆಯದ ವಲಯವನ್ನು ನಿರ್ಮಿಸುತ್ತವೆ. ತಾಯಿ ಗಿಡ ಮಗುವಿಗೆ ಬುತ್ತಿಯ ಜೊತೆಗೆ ಕಾವಲನ್ನೂ ಕಟ್ಟಿ ಕಳುಹಿಸಿದಂತೆ.

ಕಡಲೆ ಬೀಜದಲ್ಲಿಯೂ ‘ಸೈಸರಿನ್’ ಮತ್ತು ‘ಏರಿಯೆಟಿನ್’ ಎಂಬ ಎರಡು ಪೆಪ್ಟೈಡ್‌ಗಳನ್ನು 2002ರಲ್ಲಿ ವರದಿ ಮಾಡಲಾಗಿದೆ. ಪ್ರಯೋಗಾಲಯದಲ್ಲಿ ಅವು ಫ್ಯುಸೇರಿಯಂ ಆಕ್ಸಿಸ್ಪೋರಂ ಶಿಲೀಂಧ್ರವನ್ನು ತಡೆದವು. ಸಿಡಿ ರೋಗಕ್ಕೆ ಕಾರಣವೂ ಅದೇ ಪ್ರಭೇದದ, ಕಡಲೆಗೆ ಒಗ್ಗಿಕೊಂಡ ಒಂದು ಬಗೆ. ಹಾಗಿದ್ದರೆ ಕಡಲೆಗೆ ಈ ರೋಗ ಬರುವುದೇಕೆ? ಪೆಪ್ಟೈಡ್ ಇರುವುದು ಬೀಜದಲ್ಲಿ. ಶಿಲೀಂಧ್ರ ಒಳಹೊಗುವುದು ಬೆಳೆದ ಬೇರಿನ ಮೂಲಕ, ಆಮೇಲೆ ನೀರು ಸಾಗಿಸುವ ನಾಳಗಳನ್ನು ಕಟ್ಟಿಹಾಕುತ್ತದೆ. ಗಾಜಿನ ತಟ್ಟೆಯ ಫಲಿತಾಂಶ ಹೊಲದಲ್ಲಿ ಹಾಗೆಯೇ ಮರುಕಳಿಸುವುದಿಲ್ಲ. ಅಲ್ಲದೆ ಅನೇಕ ಡಿಫೆನ್ಸಿನ್‌ಗಳ ಶಕ್ತಿ ಕ್ಯಾಲ್ಸಿಯಂ ಮುಂತಾದ ಲವಣಗಳಿದ್ದಲ್ಲಿ ಕುಗ್ಗುತ್ತದೆ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಎಷ್ಟಿದೆಯೆಂಬುದು ತಮಗೇ ಗೊತ್ತು. ಬೀಜ ಅರೆದು ಕಷಾಯ ಮಾಡಿ ಸುರಿಯುವುದನ್ನು ನಾನು ಶಿಫಾರಸು ಮಾಡುವುದಿಲ್ಲ.

ಅಂಗಡಿಯ ಬಾಟಲಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ಪೆಪ್ಟೈಡ್ ಅಥವಾ ಅಮೈನೋ ಆಮ್ಲವೆಂದು ಮಾರುವ ಬಹಳಷ್ಟು ದ್ರಾವಣಗಳು ಪ್ರೋಟೀನನ್ನು ಒಡೆದು ಮಾಡಿದ ಜೈವಿಕ ಉತ್ತೇಜಕಗಳು. ಇವು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ, ಇವು ರೋಗನಾಶಕಗಳಲ್ಲ. ರೋಗ ವಾಸಿಮಾಡುತ್ತದೆಂದು ಹೇಳಿ ಮಾರುವ ಪದಾರ್ಥಕ್ಕೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಇರಲೇಬೇಕು. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ಬೆಳೆ ಮತ್ತು ರೋಗದ ಹೆಸರು ನೋಡಿರಿ, ರಸೀದಿ ಪಡೆಯಿರಿ.

ಸಿಡಿ ರೋಗಕ್ಕೆ ಖಚಿತ ದಾರಿ ನಿರೋಧಕ ತಳಿ. ಹಳೆಯ ಅಣ್ಣಿಗೇರಿ-1 ಈ ರೋಗಕ್ಕೆ ತುತ್ತಾಗುತ್ತದೆ. ಜೆಜಿ-11 ನಿರೋಧಕ ತಳಿ. ಡಬ್ಲ್ಯೂಆರ್-315 ತಳಿಯ ನಿರೋಧಕ ಗುಣವನ್ನು ಅಣ್ಣಿಗೇರಿಗೆ ಸೇರಿಸಿ ರಾಯಚೂರು ಕೃಷಿ ವಿಶ್ವವಿದ್ಯಾಲಯವು ಇಕ್ರಿಸ್ಯಾಟ್ ಸಹಯೋಗದಲ್ಲಿ ಸೂಪರ್ ಅಣ್ಣಿಗೇರಿ-1 ತಳಿಯನ್ನು ಹೊರತಂದಿದೆ. ಈ ಗುಣ ಪೆಪ್ಟೈಡ್‌ನಿಂದಲೇ ಬಂದಿದೆಯೆಂದು ಮಾತ್ರ ಭಾವಿಸಬೇಡಿರಿ. ಒಡೆದ, ಮುಗ್ಗಲು ಹಿಡಿದ ಕಾಳನ್ನು ಆರಿಸಿ ತೆಗೆದು, ಪ್ರತಿ ಕಿ.ಗ್ರಾಂ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ ಬಿತ್ತಿರಿ. ಮಣ್ಣಿನ ಕಾವು ಇಳಿಯುವ ಮೊದಲೇ ಬಿತ್ತಿದರೆ ರೋಗ ಹೆಚ್ಚು. ಆಸರೆ ಬೆಳೆ ಇಲ್ಲದಿದ್ದರೂ ಈ ಶಿಲೀಂಧ್ರ ಮಣ್ಣಿನಲ್ಲಿ ಆರು ವರ್ಷಗಳವರೆಗೆ ಬದುಕಬಲ್ಲುದರಿಂದ ಒಂದು ವರ್ಷ ಜೋಳ ಬಿತ್ತಿ ಮರುವರ್ಷ ಕಡಲೆಗೆ ಮರಳಿದರೆ ಸಾಲದು. ರೋಗ ಬಿದ್ದ ಹೊಲದಲ್ಲಿ ಮೂರು ನಾಲ್ಕು ವರ್ಷ ಜೋಳ, ಗೋಧಿ ಮುಂತಾದವನ್ನು ಬೆಳೆಯಿರಿ.

ಗಿಡ ಒಣಗಿದ್ದೆಲ್ಲ ಸಿಡಿ ರೋಗವಲ್ಲ. ತೇವಾಂಶದ ಕೊರತೆಯಿಂದಲೂ ಬಾಡಬಹುದು. ಬಾಡಿದ ಗಿಡವನ್ನು ಬೇರು ಸಹಿತ ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿರಿ. ಒಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ ಸಿಡಿ ರೋಗವೆಂದು ಶಂಕಿಸಿ, ಅಂತಹ ಎರಡು ಮೂರು ಗಿಡಗಳನ್ನು ಕಾಗದದಲ್ಲಿ ಸುತ್ತಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಇಲ್ಲವೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿರಿ.