ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ನೈಸರ್ಗಿಕ ಮತ್ತು ಸಾಂಸ್ಕೃತಿಕ ತಾಣಗಳು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಗದಗ ಜಿಲ್ಲೆಯು ಎರಡು ವಿಶ್ವ ಪರಂಪರೆಯ ತಾಣಗಳ ನಡುವೆ ಇದೆ. ಪೂರ್ವಕ್ಕೆ ಹಂಪಿ (1986), ಉತ್ತರಕ್ಕೆ ಪಟ್ಟದಕಲ್ಲು (1987). ಈ ಎರಡು ತಾಣಗಳಿಗೆ ತೆರಳುವ ಪ್ರವಾಸಿಗರಲ್ಲಿ ಹೆಚ್ಚಿನವರು ಗದಗವನ್ನು ಹಾದುಹೋಗುವರೇ ಹೊರತು ಇಲ್ಲಿ ಇಳಿಯುವುದು ಕಡಿಮೆ. ಆದರೆ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ತಾಣವೊಂದು ಈಗ ಇದ್ದು, ಅದು ದೇವಾಲಯವಲ್ಲ, ನೀರಾವರಿಗಾಗಿ ಕಟ್ಟಿದ ಒಂದು ಕೆರೆ ಎಂಬುದು ಗಮನಾರ್ಹ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯು ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿದೆ. ಮಳೆನೀರು ಸಂಗ್ರಹಿಸಲು ನಿರ್ಮಿಸಲಾದ ಈ ಕೆರೆಯ ವಿಸ್ತೀರ್ಣ ಸುಮಾರು 50 ಹೆಕ್ಟೇರ್ ಮಾತ್ರ. ಪ್ರತಿ ವರ್ಷ ನವೆಂಬರ್ ವೇಳೆಗೆ ಮಂಗೋಲಿಯಾ, ಟಿಬೆಟ್ ಮುಂತಾದ ಪ್ರದೇಶಗಳಲ್ಲಿ ಸಂತಾನಾಭಿವೃದ್ಧಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಆಗಮಿಸುತ್ತವೆ. ಈ ಜಾತಿಯ ಹಕ್ಕಿಗಳು ಸುಮಾರು 7,000 ಮೀಟರ್ ಎತ್ತರದಲ್ಲಿ ಹಾರಿರುವುದು ದಾಖಲಾಗಿದೆ. ಚಳಿಗಾಲದಲ್ಲಿ ಕೆರೆಗೆ ಬರುವ ಹಕ್ಕಿಗಳ ಸಂಖ್ಯೆ ಸುಮಾರು 8,000ದಷ್ಟಾಗುವುದೆಂದು ಅಂದಾಜಿಸಲಾಗಿದ್ದು, ಒಟ್ಟು 166 ಪ್ರಭೇದಗಳು ಇಲ್ಲಿ ಕಂಡುಬಂದಿವೆ. ಹೆಬ್ಬಾತುಗಳು ಹಗಲಿನ ಬಹುಭಾಗ ನೀರಿನಲ್ಲಿ ವಿಶ್ರಮಿಸುತ್ತವೆ. ಅವುಗಳ ಮೇವು ಸುತ್ತಲಿನ ರೈತರ ಹೊಲಗಳಲ್ಲಿದೆ. ಕೆರೆಯ ಅಂಗಳವನ್ನಷ್ಟೇ ಕಾಯ್ದರೆ ಈ ಹಕ್ಕಿಗಳ ರಕ್ಷಣೆ ಪೂರ್ಣವಾಗದಿರಲು ಇದೇ ಕಾರಣ. ಹೊಲಗಳಿಂದ ಹರಿದುಬರುವ ರಾಸಾಯನಿಕ, ಊರ ಕೊಳಚೆ ಹಾಗೂ ಮಳೆಯ ಅಭಾವ ಕೆರೆಗೆ ಇರುವ ಮುಖ್ಯ ಅಪಾಯಗಳು.

ಜೌಗು ಪ್ರದೇಶಗಳ ಸಂರಕ್ಷಣೆಗಾಗಿ 1971ರಲ್ಲಿ ಇರಾನ್ ದೇಶದ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದ ಪಟ್ಟಿಗೆ ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶವು ಸೇರ್ಪಡೆಯಾದ ವಿಷಯವನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ರಾಜ್ಯದಿಂದ ಅದೇ ಸಂದರ್ಭದಲ್ಲಿ ಅಘನಾಶಿನಿ ಅಳಿವೆ ಹಾಗೂ ಅಂಕಸಮುದ್ರವೂ ಸೇರಿದವು. ರಂಗನತಿಟ್ಟು 2022ರಲ್ಲಿಯೇ ಈ ಮಾನ್ಯತೆ ಪಡೆದಿತ್ತು.

ಗದಗ, ಮುಂಡರಗಿ ಮತ್ತು ಶಿರಹಟ್ಟಿ ತಾಲೂಕುಗಳಲ್ಲಿ ಹರಡಿರುವ ಕಪ್ಪತಗುಡ್ಡವು ಔಷಧೀಯ ಸಸ್ಯಗಳಿಗೆ ಹೆಸರಾದ ಬೆಟ್ಟಸಾಲು. ತೋಳ, ಕತ್ತೆಕಿರುಬ ಮುಂತಾದ ಬಯಲುಸೀಮೆಯ ಪ್ರಾಣಿಗಳಿಗೆ ಇದು ಆಶ್ರಯ. ಬೆಟ್ಟದೊಳಗೆ ಖನಿಜವಿರುವುದರಿಂದ ಇದರ ಸಂರಕ್ಷಣೆಯ ಇತಿಹಾಸ ಸರಳವಾಗಿಲ್ಲ. 2015ರ ಡಿಸೆಂಬರ್‌ನಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾದ ಆದೇಶವನ್ನು 2016ರ ನವೆಂಬರ್‌ನಲ್ಲಿ ಹಿಂಪಡೆಯಲಾಯಿತು. ಇದನ್ನು ವಿರೋಧಿಸಿ 2017ರ ಆರಂಭದಲ್ಲಿ ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಸಾರ್ವಜನಿಕರು ಹೋರಾಟ ನಡೆಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಮೀಸಲು ಸ್ಥಾನಮಾನ ಮರಳಿತು. 2019ರಲ್ಲಿ 244.15 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಗಿದೆ. ಜಿಲ್ಲೆಯಲ್ಲಿ ಜನರ ಒತ್ತಾಯದಿಂದಲೇ ಉಳಿದ ತಾಣವೆಂದರೆ ಇದು.

ಮುಂಡರಗಿ ತಾಲೂಕಿನ ಡಂಬಳದಲ್ಲಿ 12ನೆಯ ಶತಮಾನದ ದೊಡ್ಡಬಸಪ್ಪ ದೇವಾಲಯವಿದೆ. ಇದರ ಗರ್ಭಗುಡಿಯ ಹೊರಗೋಡೆಯು 24 ಕೋನಗಳ ನಕ್ಷತ್ರಾಕಾರದಲ್ಲಿದ್ದು, ಕಲ್ಯಾಣ ಚಾಲುಕ್ಯರ ವಾಸ್ತುಶಿಲ್ಪದಲ್ಲಿ ಇಂತಹ ರಚನೆ ವಿರಳ. ಇದೇ ಊರಿನ ಕ್ರಿ.ಶ. 1095ರ ಶಾಸನವು ವರ್ತಕರು ಕಟ್ಟಿಸಿದ ಬೌದ್ಧ ವಿಹಾರವನ್ನೂ ತಾರಾದೇವಿಯ ಗುಡಿಯನ್ನೂ ಉಲ್ಲೇಖಿಸುತ್ತದೆ.

ಹಿಂದೆ ಶಿರಹಟ್ಟಿ ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ಲಕ್ಷ್ಮೇಶ್ವರದ ಪ್ರಾಚೀನ ಹೆಸರು ಪುಲಿಗೆರೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ 9ನೆಯ ಶತಮಾನದ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಲಿಂಗದ ಬದಲು ನಂದಿಯನ್ನೇರಿದ ಶಿವಪಾರ್ವತಿಯರ ಮೂರ್ತಿ ಪೂಜೆಗೊಳ್ಳುತ್ತಿದ್ದು, ಅದನ್ನು ಸೌರಾಷ್ಟ್ರದಿಂದ ತಂದ ಆದಯ್ಯನ ಕಥೆಯೇ ರಾಘವಾಂಕನ ಸೋಮನಾಥ ಚಾರಿತ್ರದ ವಸ್ತು. ಶಂಖ ಜಿನಾಲಯ ಮತ್ತು ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ ಅದೇ ಪಟ್ಟಣದಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ-ಮುಸ್ಲಿಂ ಭಾವೈಕ್ಯದ ಪೀಠವೆಂದು ಪ್ರಸಿದ್ಧವಾಗಿದೆ.

ಗದಗ ನಗರದಲ್ಲಿ ತ್ರಿಕೂಟೇಶ್ವರ ದೇವಾಲಯ, ಅದರ ಆವರಣದ ಸರಸ್ವತಿ ಗುಡಿಯ ಸೂಕ್ಷ್ಮ ಕೆತ್ತನೆಯ ಕಂಬಗಳು ಹಾಗೂ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ನಂಬಲಾದ ವೀರನಾರಾಯಣ ದೇವಾಲಯ ನೋಡತಕ್ಕವು. ಗದಗ ತಾಲೂಕಿನ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ದೇವಾಲಯಗಳ ಪಟ್ಟಿಯಲ್ಲಿ ಸ್ಥಾನವಿಲ್ಲದಿದ್ದರೂ, 1905ರಲ್ಲಿ ಸಹಕಾರ ಸಂಘ ಆರಂಭವಾದ ಕಣಗಿನಹಾಳ ಗ್ರಾಮವನ್ನು ಇಲ್ಲಿ ಹೆಸರಿಸುವುದು ಉಚಿತ.

ಈ ತಾಣಗಳ ಸಮೀಪ ಆಸ್ತಿ ಹೊಂದಿರುವ ಸಾರ್ವಜನಿಕರು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು. ಪ್ರಾಚೀನ ಸ್ಮಾರಕಗಳ ಕಾಯ್ದೆ, 1958ಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಹಳೆಯ ಮನೆಯ ದುರಸ್ತಿಗೂ ಪೂರ್ವಾನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿದ್ದು, ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ಕಟ್ಟಬಹುದಾಗಿದೆ. ಸ್ಥಳೀಯ ಸಂಸ್ಥೆಯ ಪರವಾನಗಿ ಒಂದೇ ಸಾಲದು. ಕಲ್ಲು ಗಣಿ ಪರವಾನಗಿ ಕೋರುವವರು, ವನ್ಯಜೀವಿ ಧಾಮದೊಳಗೆ ಹಾಗೂ ಅದರ ಗಡಿಯಿಂದ 1 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆದೇಶಿಸಿರುವುದನ್ನು ತಿಳಿದಿರತಕ್ಕದ್ದು. ಮಾಗಡಿ ಕೆರೆಗೆ ಭೇಟಿ ನೀಡಲು ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಸೂಕ್ತ.