ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ: ಮೈಸೂರು ಸಂಸ್ಥಾನದ ಕಾಲೇಜು ವಿದ್ಯಾರ್ಥಿಜೀವನ (1894–1916)

ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ತೊಡಗುವ ಕಾಲದ ಮೈಸೂರು ಸಂಸ್ಥಾನದ ಉನ್ನತ ಶಿಕ್ಷಣವನ್ನು ಸಾಮಾನ್ಯವಾಗಿ ಕಾಲೇಜುಗಳ ಸ್ಥಾಪನೆ, ಪಠ್ಯಕ್ರಮ ಹಾಗೂ ಸರ್ಕಾರದ ಧೋರಣೆಗಳ ನೆಲೆಯಲ್ಲಿ ವಿವೇಚಿಸಲಾಗುತ್ತದೆ. ಆದರೆ ಊರು ಬಿಟ್ಟು ಬಂದ ವಿದ್ಯಾರ್ಥಿ ಎಲ್ಲಿ ತಂಗುತ್ತಿದ್ದ, ಯಾರ ಮನೆಯಲ್ಲಿ ಉಣ್ಣುತ್ತಿದ್ದ ಎಂಬುದನ್ನು ಗಮನಿಸಿದರೆ, ಕಾಲೇಜು ಶಿಕ್ಷಣ ಯಾರಿಗೆ ಎಟುಕಬೇಕೆಂಬುದನ್ನು ಶುಲ್ಕ ಮತ್ತು ಪರೀಕ್ಷೆಗಳಷ್ಟೇ ಬಲವಾಗಿ ಊಟ-ವಸತಿಯ ವ್ಯವಸ್ಥೆಯೂ ನಿರ್ಧರಿಸಿತೆಂಬುದು ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜೂ 1894ರಲ್ಲಿ ಪ್ರಥಮ ದರ್ಜೆಗೇರಿದ, ಎಂದರೆ ಬಿ.ಎ.ವರೆಗೆ ಬೋಧಿಸುವ ಅಧಿಕಾರ ಪಡೆದ ಮೈಸೂರಿನ ಮಹಾರಾಜ ಕಾಲೇಜೂ ಮದ್ರಾಸು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದವು. 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ರೂಪುಗೊಂಡ ಮದ್ರಾಸು ವಿಶ್ವವಿದ್ಯಾಲಯವು ಆರಂಭದ ದಶಕಗಳಲ್ಲಿ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಯಾಗಿತ್ತೇ ಹೊರತು ಬೋಧನೆಯನ್ನಾಗಲಿ ವಿದ್ಯಾರ್ಥಿಗಳ ವಸತಿಯನ್ನಾಗಲಿ ತಾನೇ ವಹಿಸಿಕೊಂಡಿರಲಿಲ್ಲ. ಹೀಗಾಗಿ ಮೈಸೂರಿನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೆಂದರೆ ಮೆಟ್ರಿಕ್ಯುಲೇಷನ್, ಅದರ ಮೇಲಿನ ಎಫ್.ಎ., ಬಿ.ಎ. ಎಂಬ ಪರೀಕ್ಷೆಗಳ ಸಾಲು; ಅವನ ದಿನನಿತ್ಯದ ಬದುಕು ನಡೆಯುತ್ತಿದ್ದುದು ಪಟ್ಟಣದ ಕೇರಿಗಳಲ್ಲಿ.

ಆ ಬದುಕಿನ ಮುಖ್ಯ ಆಧಾರಗಳಲ್ಲಿ ಒಂದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ಈ ಪದ್ಧತಿಯು ಬಡ ಬ್ರಾಹ್ಮಣ ಹುಡುಗರಿಗೆ ಶಾಲೆ-ಕಾಲೇಜುಗಳ ದಾರಿಯನ್ನು ತೆರೆಯಿತು. ಇದು ದಾನವಾಗಿದ್ದಂತೆಯೇ ಋಣವೂ ಆಗಿದ್ದು, ಆತಿಥೇಯರ ಮನೆಯ ಮಡಿ-ಮೈಲಿಗೆಗಳಿಗೆ ಹುಡುಗ ಒಗ್ಗಿಕೊಳ್ಳಬೇಕಿತ್ತು. ಒಂದು ಮನೆ ತಪ್ಪಿದರೆ ಆ ದಿನದ ಊಟಕ್ಕೆ ಬೇರೆ ದಾರಿ ಹುಡುಕಬೇಕಿತ್ತು. 1898ರಲ್ಲಿ ಪ್ಲೇಗು ಹರಡಿ ಜನರು ಮನೆಗಳನ್ನು ತೊರೆದು ಊರಾಚೆಯ ಗುಡಿಸಲುಗಳಲ್ಲಿ ನೆಲೆಸಬೇಕಾಗಿ ಬಂದಾಗ, ಗೃಹಸ್ಥರ ಒಲೆಯನ್ನೇ ನಂಬಿದ ಇಂಥ ವ್ಯವಸ್ಥೆ ಎಷ್ಟು ಅಸ್ಥಿರವಾದುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅದಕ್ಕಿಂತ ಮುಖ್ಯವಾದುದು ಅದರ ಸಾಮಾಜಿಕ ಮಿತಿ. ಸಹಪಂಕ್ತಿ ಭೋಜನಕ್ಕೆ, ಎಂದರೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದಕ್ಕೆ, ಜಾತಿಯ ಕಟ್ಟುಪಾಡು ಇದ್ದುದರಿಂದ ಬೇರೆ ಸಮುದಾಯಗಳ ಹಳ್ಳಿಯ ಹುಡುಗರಿಗೆ ಆ ಮನೆಗಳ ಬಾಗಿಲು ತೆರೆಯಲಿಲ್ಲ. 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆ ಮುಂದೆ ಕಾಲೇಜಾಗಿ ಬೆಳೆದರೂ, ಹೆಣ್ಣುಮಕ್ಕಳ ಪಾಲಿಗೆ ವಾರಾನ್ನದಂಥ ಆಸರೆ ಇಲ್ಲದ ಕಾರಣ, ಪಟ್ಟಣದಲ್ಲಿ ಸ್ವಂತ ಮನೆಯೋ ಬಂಧುಗಳ ಮನೆಯೋ ಇದ್ದವರಿಗೇ ಅದರ ಪ್ರಯೋಜನ ಹೆಚ್ಚಾಗಿ ದೊರೆಯುವಂತಿತ್ತು.

1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆಯು, ತಂದೆತಾಯಿ ಅಥವಾ ಪೋಷಕರೊಡನೆ ವಾಸಿಸದ ವಿದ್ಯಾರ್ಥಿಗಳ ವಸತಿ, ಮೇಲ್ವಿಚಾರಣೆ ಮತ್ತು ದೇಹಾರೋಗ್ಯಗಳಿಗೆ ಏರ್ಪಾಡು ಮಾಡುವುದನ್ನು ಕಾಲೇಜುಗಳ ಮಾನ್ಯತೆಯ ಷರತ್ತುಗಳಲ್ಲಿ ಒಂದಾಗಿಸಿತು. ಸರಿಸುಮಾರು ಇದೇ ಕಾಲದಲ್ಲಿ ವಾರಾನ್ನದಿಂದ ಹೊರಗುಳಿದ ಸಮುದಾಯಗಳು ತಮ್ಮದೇ ಸಂಘಟನೆಗಳನ್ನು ಕಟ್ಟಿಕೊಂಡವು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂಥ ಸಂಸ್ಥೆಗಳಿಗೆ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳು ಮುಖ್ಯ ಕಾರ್ಯಗಳಾದವು; ಲಿಂಗಾಯತ ಮಠಗಳ ದಾಸೋಹ ಪರಂಪರೆಯೂ ವಿದ್ಯಾರ್ಥಿಗಳ ಉಚಿತ ಪ್ರಸಾದನಿಲಯಗಳಾಗಿ ಹೊಸ ರೂಪ ತಳೆಯಿತು. ಮೈಸೂರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರು ನಡೆಸಿದ ಅನಾಥಾಲಯವೂ ಬಡ ವಿದ್ಯಾರ್ಥಿಗಳಿಗೆ ನೆರವಾಯಿತು. ಜಾತಿವಾರು ನಿಲಯಗಳು ಪಂಕ್ತಿಭೇದವನ್ನು ಅಳಿಸಲಿಲ್ಲ, ನಿಜ. ಆದರೆ ಊಟವನ್ನು ಗೃಹಸ್ಥರ ಕೃಪೆಯಿಂದ ಬಿಡಿಸಿ ಸಂಸ್ಥೆಯ ಹೊಣೆಯನ್ನಾಗಿ ಮಾಡಿದವು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಎರಡೂ ಕಾಲೇಜುಗಳು ಅದರ ಅಂಗಗಳಾದ ಮೇಲೆ ಪಾಠೇತರ ಚಟುವಟಿಕೆಗಳಿಗೂ ಹೊಸ ನೆಲೆ ದೊರೆಯಿತು. ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆಯನ್ನು ಹೊರತಂದುದು, ಇಂಗ್ಲಿಷ್ ಬೋಧನೆಯ ಆವರಣದಲ್ಲೇ ಕನ್ನಡದ ವಿದ್ವತ್ತು ಬೇರೂರಿದುದಕ್ಕೆ ನಿದರ್ಶನವಾಗಿದೆ. ಉಪನ್ಯಾಸ, ಚರ್ಚೆ, ಪತ್ರಿಕೆಗಳಿಗೆ ತರಗತಿಯ ಆಚೆಗಿನ ಬಿಡುವು ಬೇಕು. ಆ ಬಿಡುವು ನಾಳೆಯ ಊಟದ ಚಿಂತೆ ತಗ್ಗಿದಷ್ಟೂ ಹೆಚ್ಚುವಂಥದು. ಆದುದರಿಂದ ಈ ಅವಧಿಯ ಶಿಕ್ಷಣದ ಚರಿತ್ರೆಯಲ್ಲಿ ವಿದ್ಯಾರ್ಥಿನಿಲಯಗಳ ದಾಖಲೆಗಳಿಗೂ ಕಾಲೇಜುಗಳ ದಾಖಲೆಗಳಷ್ಟೇ ಪ್ರಾಮುಖ್ಯ ಸಲ್ಲಬೇಕು.