ಮರೆವು, ಮುಪ್ಪು, ಮಿದುಳು: ಸಂಶೋಧನೆಯ ಇತಿಹಾಸ

ಇಳಿವಯಸ್ಸಿನ ಮರೆವು ಮುಪ್ಪಿನ ಸಹಜ ಫಲವೋ ಮಿದುಳಿನ ರೋಗವೋ ಎಂಬ ಪ್ರಶ್ನೆ ಆಧುನಿಕ ವೈದ್ಯವಿಜ್ಞಾನದಲ್ಲಿ ಸುಮಾರು ಒಂದು ಶತಮಾನದಿಂದ ಚರ್ಚೆಯಲ್ಲಿದೆ. 1901ರಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿದ 51 ವರ್ಷದ ಆಗುಸ್ಟ್ ಡೆಟರ್ ಅವರನ್ನು ವೈದ್ಯ ಅಲೋಯಿಸ್ ಆಲ್ಝೈಮರ್ ಮಾತಾಡಿಸಿದರು. ಹೂಕೋಸು, ಹಂದಿಮಾಂಸ ಉಣ್ಣುತ್ತಿದ್ದ ಆಕೆ, ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಎಂದರು. ಗಂಡನ ಹೆಸರು ಕೇಳಿದರೆ ತಮ್ಮದನ್ನೇ ಹೇಳಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಆಲ್ಝೈಮರ್, ನರಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಹೊರಗೆ ಪ್ಲೇಕ್ ಎಂಬ ಗಸಿಯನ್ನೂ ಕಂಡರು. ಆದರೂ ಇದು ನಡುವಯಸ್ಸಿನ ಅಪರೂಪದ ರೋಗ, ಮುದುಕರ ಅರಳುಮರಳೇ ಬೇರೆ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. 1968ರಲ್ಲಿ ನ್ಯೂಕಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ಅವರು ವೃದ್ಧರ ಮಿದುಳಿನ ಪ್ಲೇಕ್‌ಗಳನ್ನು ಎಣಿಸಿ, ಅರಳುಮರಳು (ಡಿಮೆನ್ಷಿಯಾ) ತೀವ್ರವಾದಷ್ಟೂ ಅವು ಹೆಚ್ಚೆಂದು ತೋರಿಸಿದರು.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಎಂದು ತಿಳಿದದ್ದು ಕ್ರೈಸ್ತ ಸನ್ಯಾಸಿನಿಯರಿಂದ. 1986ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆಗಷ್ಟೇ ಅಧ್ಯಾಪಕ ವೃತ್ತಿಗೆ ಕಾಲಿಟ್ಟಿದ್ದ ಡೇವಿಡ್ ಸ್ನೋಡನ್, ನೋಟರ್‌ಡೇಮ್ ಸಭೆಯ ಸೋದರಿಯರ ಅಧ್ಯಯನ ಆರಂಭಿಸಿದರು. ಊಟ, ವಸತಿ, ದಿನಚರಿ ಹೆಚ್ಚುಕಡಿಮೆ ಒಂದೇ ಆಗಿರುವವರನ್ನು ಹೋಲಿಸುವುದು ಸುಲಭ. ಹೊಸ ಸಂಶೋಧಕನೊಬ್ಬನ ಈ ಆಯ್ಕೆ ನಿಜಕ್ಕೂ ಜಾಣತನದ್ದು. ಮುಂದೆ 75 ದಾಟಿದ 678 ಸೋದರಿಯರು ವರ್ಷವರ್ಷದ ಪರೀಕ್ಷೆಗೂ ಮರಣಾನಂತರ ಮಿದುಳು ದಾನಕ್ಕೂ ಒಪ್ಪಿದರು. 101ನೆಯ ವಯಸ್ಸಿನಲ್ಲಿ ತೀರಿಕೊಂಡ ಸಿಸ್ಟರ್ ಮೇರಿ ಕೊನೆಯ ವರ್ಷದಲ್ಲೂ ಮಾನಸಿಕ ಪರೀಕ್ಷೆಯಲ್ಲಿ 30ಕ್ಕೆ 27 ಅಂಕ ಗಳಿಸಿದ್ದರು. ಕೇವಲ 870 ಗ್ರಾಂ ತೂಗಿದ ಅವರ ಮಿದುಳಿನಲ್ಲಿ ಪ್ಲೇಕ್, ಸಿಕ್ಕುಗಳು ಧಾರಾಳವಾಗಿದ್ದವು.

ಕಾನ್ವೆಂಟಿನ ದಾಖಲೆಗಳಲ್ಲಿ ಇನ್ನೊಂದು ನಿಧಿಯಿತ್ತು: ಸುಮಾರು 22ರ ಹರೆಯದಲ್ಲಿ, ವ್ರತ ಸ್ವೀಕರಿಸುವ ಮುನ್ನ, ಸೋದರಿಯರು ಬರೆದಿಟ್ಟ ಆತ್ಮಕಥನಗಳು. ಆ ಬರಹದಲ್ಲಿ ವಿಚಾರಗಳು ದಟ್ಟವಾಗಿದ್ದವರಿಗೆ ಆರು ದಶಕಗಳ ಬಳಿಕ ಆಲ್ಝೈಮರ್ ರೋಗ ಕಾಡಿದ್ದು ಕಡಿಮೆ ಎಂದು 1996ರಲ್ಲಿ ಪ್ರಕಟವಾಯಿತು. ಯೌವನದ ಭಾಷಾಶಕ್ತಿ ರಕ್ಷಣೆ ನೀಡುತ್ತದೆಯೋ ಅಥವಾ ರೋಗ ಅಷ್ಟು ಬೇಗನೆ ಬೇರುಬಿಟ್ಟಿರುತ್ತದೆಯೋ ಎಂಬುದು ಇದರಿಂದ ಇತ್ಯರ್ಥವಾಗಲಿಲ್ಲ.

ಶಾಲೆಯ ಮೆಟ್ಟಿಲನ್ನೇ ಹತ್ತದ ಕೃಷಿಕರ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೆರೆದೇ ಇದೆ. ಏಕೆಂದರೆ ಸೋದರಿಯರಲ್ಲಿ ಬಹುತೇಕರು ಶಿಕ್ಷಕಿಯರಾಗಿದ್ದವರು. ಹಾಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಕೆಲಸಕ್ಕೆ ವಿಶೇಷ ಮಹತ್ವವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ಅದು ವರ್ಷಗಳ ಉದ್ದಕ್ಕೂ ಪರೀಕ್ಷಿಸುತ್ತ ಬಂದಿದೆ. 10,000 ಜನರನ್ನು ಒಳಗೊಳ್ಳುವುದು ಅದರ ಗುರಿ.